ಚಾಕು ಅದ್ದಿ ನೋಡುವವರು ಬೇಕು

ಮಾನ್ಯ ಸಂಪಾದಕರೇ,

ಈ ಮಳೆಗಾಲದಲ್ಲಿ ನಮ್ಮ ಎರಡು ಎಕರೆ ಅಡಿಕೆ ತೋಟದ ಅರ್ಧಕ್ಕೆ, ಕಾಯಿ ಉದುರಿಸುವ ಕೊಳೆರೋಗ ತಡೆಯಲು ಮೈಲುತುತ್ತ (ತಾಮ್ರದ ಸಲ್ಫೇಟ್), ಸುಣ್ಣ ಕಲೆಸಿ ಹೊಡೆಯುವ ಬೋರ್ಡೊ ದ್ರಾವಣ ಬೀಳಲಿಲ್ಲ. ಮಳೆ ಬಿಡುವು ಕೊಡಲಿಲ್ಲವೆಂದಲ್ಲ, ಔಷಧಿ ಹೊಡೆಯುವವರು ಸಿಗಲಿಲ್ಲವೆಂದೂ ಅಲ್ಲ. ನಾನು ಹನ್ನೊಂದು ನಿಮಿಷದ ಒಂದು ವಿಡಿಯೊ ನೋಡಿದ್ದೆ. ಬಿಳಿ ಕೋಟು ತೊಟ್ಟ ಹುಡುಗ, ಹಿಂದೆ ಗಾಜಿನ ಸೀಸೆಗಳ ಸಾಲು. ಮೈಲುತುತ್ತ, ಸುಣ್ಣ ಕಲೆಸುವುದೆಲ್ಲ ಅಜ್ಜಂದಿರ ಕಾಲಕ್ಕೆ ಮುಗಿಯಿತು, ಈ ನ್ಯಾನೊ ದ್ರಾವಣ ಒಮ್ಮೆ ಹೊಡೆದರೆ ಕೊಳೆರೋಗ ಬೇಲಿಯ ಆಚೆಗೇ ನಿಲ್ಲುತ್ತದೆ ಎಂದ. ಕಳಿಸಿದವನು ಬೆಂಗಳೂರಿನಲ್ಲಿರುವ ಅಕ್ಕನ ಮಗ. ‘ಚಿಕ್ಕಮ್ಮ, ವೈಜ್ಞಾನಿಕವಾಗಿದೆ, ನೋಡು’ ಎಂದು ಬರೆದಿದ್ದ.

ಶ್ರಾವಣದ ಹೊತ್ತಿಗೆ ಆ ಅರ್ಧದಲ್ಲಿ ಕಾಲಿಟ್ಟಲ್ಲೆಲ್ಲ ಉದುರಿದ ಹಸಿಗಾಯಿ, ಮೇಲೆ ಬಿಳಿ ಬೂಸ್ಟು. ಸಿಟ್ಟಿಗೆ ವಿಡಿಯೊ ಮತ್ತೆ ಹಾಕಿ ಎಣಿಸುತ್ತ ಕೂತೆ. ‘ವಿಜ್ಞಾನ’ ಎಂಬ ಪದ ಹದಿನಾಲ್ಕು ಸಲ ಬಂತು. ಯಾವ ಊರಿನ ತೋಟದಲ್ಲಿ ಹೊಡೆದು ನೋಡಿದರು, ಪಕ್ಕದಲ್ಲೇ ಹೊಡೆಯದೆ ಬಿಟ್ಟ ಮರಗಳು ಏನಾದವು ಎಂಬುದು ಒಂದು ಸಲವೂ ಬರಲಿಲ್ಲ. ಕೆಳಗಿನ ವಿವರಣೆ ಬಿಡಿಸಿದರೆ ಕಟ್ಟಕಡೆಗೆ ಇಂಗ್ಲಿಷಿನಲ್ಲಿ ಎರಡು ಪದ: ದುಡ್ಡು ಪಡೆದು ಮಾಡಿದ ಪ್ರಚಾರ ಎಂಬರ್ಥದವು. ಮಾತೆಲ್ಲ ಕನ್ನಡದಲ್ಲಿ, ನಿಜ ಮಾತ್ರ ಇಂಗ್ಲಿಷಿನಲ್ಲಿ! ಇಂಥ ಘೋಷಣೆ ಪ್ರಚಾರದ ಭಾಷೆಯಲ್ಲೇ, ಎದ್ದು ಕಾಣುವಂತೆ ಇರಬೇಕೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲೇ ಮಾರ್ಗಸೂಚಿ ಹೊರಡಿಸಿದೆ.

ನಮ್ಮ ಮಾವನವರು ಓದಿದ್ದು ನಾಲ್ಕನೇ ಕ್ಲಾಸು. ಐವತ್ತು ಲೀಟರ್ ನೀರಿನಲ್ಲಿ ಒಂದು ಕಿಲೊ ಮೈಲುತುತ್ತ, ಇನ್ನೈವತ್ತರಲ್ಲಿ ಒಂದು ಕಿಲೊ ಸುಣ್ಣ. ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕೇ ಹೊರತು ತಿರುವುಮುರುವು ಮಾಡಬಾರದು. ಕಲೆಸಿ ಮುಗಿದ ಮೇಲೆ ಚಾಕುವನ್ನು ಸ್ವಲ್ಪ ಹೊತ್ತು ಅದ್ದಿ ತೆಗೆಯುತ್ತಿದ್ದರು. ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು, ಎಳೆಗಾಯಿ ಸುಡುತ್ತದೆ. ಮತ್ತೆ ಸುಣ್ಣ, ಮತ್ತೆ ಚಾಕು. ನಲವತ್ತು ವರ್ಷ ಅದೇ ಕೆಲಸ ಮಾಡಿದವರು ಒಂದು ದಿನವೂ ತಮ್ಮ ಕೈಯನ್ನೇ ನಂಬಿ ಹೊಡೆಯಲು ಕೊಟ್ಟವರಲ್ಲ.

ಈ ಮದ್ದು ಹುಟ್ಟಿದ್ದೂ ಹಾಗೆಯೇ. ಫ್ರಾನ್ಸಿನ ಬೋರ್ಡೊ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿ ಕದಿಯದಿರಲೆಂದು ರಸ್ತೆ ಬದಿಯ ಬಳ್ಳಿಗಳಿಗೆ ತುತ್ತ, ಸುಣ್ಣ ಎರಚುತ್ತಿದ್ದರಂತೆ. ಎರಚಿದ ಬಳ್ಳಿ ರೋಗವಿಲ್ಲದೆ ನಿಂತಿದ್ದನ್ನೂ ಒಳಗಿನ ಬಳ್ಳಿ ಸೊರಗಿದ್ದನ್ನೂ ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ ಹೋಲಿಸಿ ನೋಡಿದ, ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದ.

ಹುಡುಗನನ್ನಷ್ಟೇ ಬೈದರೆ ಅನ್ಯಾಯವಾದೀತು. ಅಡಿಕೆಯಿಂದ ಏನೂ ಆಗುವುದಿಲ್ಲ ಎನ್ನುವ ವಿಡಿಯೊ ಬಂದರೆ ನಾನು ಪೂರ್ತಿ ನೋಡದೆಯೇ ಹತ್ತು ಜನಕ್ಕೆ ಕಳಿಸುತ್ತೇನೆ. ಹಲ್ಲಿನ ವೈದ್ಯೆಯೊಬ್ಬಳು ಕನ್ನಡದಲ್ಲಿ ಮಾಡಿದ ವಿಡಿಯೊವನ್ನು ಎರಡೇ ನಿಮಿಷಕ್ಕೆ ಮುಚ್ಚಿಟ್ಟಿದ್ದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ, ಹೊಗೆಸೊಪ್ಪಿಲ್ಲದ ಕವಳವೂ (ಎಲೆ ಅಡಿಕೆಯೂ) ಅದರಲ್ಲಿದೆ ಎಂದು ಅವಳು ಹೇಳಿದ್ದಳು. ಕವಳದ ತಟ್ಟೆ ಎದುರಿಗಿಟ್ಟುಕೊಂಡು ಯಾರು ಕೇಳುತ್ತಾರೆ? ಕೊಳೆರೋಗದ ಪಾಠವಾದ ಮೇಲೆ ಮತ್ತೆ ತೆರೆದು ಕೊನೆಯವರೆಗೆ ನೋಡಿದೆ. ಗುಂಪು ತಿಳಿಸುವುದು ಪುರಾವೆ ಎಷ್ಟು ಗಟ್ಟಿ ಎಂಬುದನ್ನು, ಅಪಾಯ ಎಷ್ಟು ದೊಡ್ಡದು ಎಂಬುದನ್ನಲ್ಲ ಎಂದೂ ಅವಳೇ ಬಿಡಿಸಿ ಹೇಳಿದ್ದಳು. ಹಿಂದಿನ ವಿಡಿಯೊದಲ್ಲಿ ಒಂದು ಅಂಕಿ ತಪ್ಪಿದ್ದೆ ಎಂದು ಮೊದಲ ಸಾಲಿನಲ್ಲೇ ಬರೆದಿದ್ದಳು. ಅವಳು ಹೇಳಿದ್ದು ನನಗೆ ಇವತ್ತಿಗೂ ಇಷ್ಟವಿಲ್ಲ. ಆದರೆ ಚಾಕು ಅದ್ದಿದವಳು ಅವಳೇ. ಆಕೆಯ ಚಾನೆಲ್ಲಿಗೆ ಚಂದಾದಾರಳಾಗಿದ್ದೇನೆ. ಕವಳವನ್ನು ದಿನಕ್ಕೆ ಒಂದಕ್ಕೆ ಇಳಿಸಿದ್ದೇನೆ.

ನಿಮ್ಮಲ್ಲಿಯೂ ಒಂದು ಕೇಳಿಕೆ. ಕೃಷಿ ಪುರವಣಿಯಲ್ಲಿ ಇಡೀ ಪುಟದ ‘ರೈತರ ಯಶೋಗಾಥೆ’ ಬರುತ್ತದಲ್ಲ, ಅದರ ಕೆಳಗೆ ‘ಜಾಹೀರಾತು’ ಎಂಬುದನ್ನು ನಾನು ಓದಿದ್ದು ಮಗಳು ತೋರಿಸಿದ ಮೇಲೆ, ಕನ್ನಡಕ ಹಾಕಿಕೊಂಡು. ಅದನ್ನು ದಯವಿಟ್ಟು ತಲೆಬರಹದ ಪಕ್ಕದಲ್ಲಿ, ತಲೆಬರಹದ ಗಾತ್ರದಲ್ಲೇ ಅಚ್ಚು ಹಾಕಿಸಿ.

– ಅಡಿಕೆ ಬೆಳೆಗಾರ್ತಿ, ಹೊಸನಗರ ತಾಲ್ಲೂಕು