ಮಳೆಗಾಲಕ್ಕಾದರೂ ಮಕ್ಕಳಿಗೆ ಫುಲ್ ತೋಳು ಹಾಕಲು ಬಿಡಿ

ಮಾನ್ಯರೇ,

ನಿಟುವಳ್ಳಿಯಲ್ಲಿ ನನ್ನದೊಂದು ಸಣ್ಣ ಟೈಲರಿಂಗ್ ಅಂಗಡಿ ಇದೆ. ಜೂನ್ ಬಂತೆಂದರೆ ಯೂನಿಫಾರ್ಮ್ ಹೊಲಿಯುವುದೇ ಕೆಲಸ. ಈ ಸಲ ಒಬ್ಬ ತಾಯಿ ಐದನೇ ಕ್ಲಾಸಿನ ಮಗಳನ್ನು ಕರೆತಂದು, ಅಂಗಿಗೆ ಫುಲ್ ತೋಳು ಇಡಿ, ಸ್ಕರ್ಟ್ ಬದಲು ಪ್ಯಾಂಟ್ ಹೊಲಿದುಕೊಡಿ ಅಂದರು. ಹೋದ ವರ್ಷ ಆ ಮಗುವಿಗೆ ಡೆಂಗಿ ಆಗಿತ್ತಂತೆ. ಹೊಲಿದುಕೊಟ್ಟೆ. ಸ್ವಲ್ಪ ದಿನಕ್ಕೇ ವಾಪಸ್ ತಂದರು. ‘ಎಲ್ಲರೂ ಒಂದೇ ಥರ ಕಾಣಬೇಕು’ ಎಂದು ಶಾಲೆಯವರು ಒಪ್ಪಲಿಲ್ಲವಂತೆ. ಒಳ್ಳೇ ತೋಳನ್ನು ಕತ್ತರಿಸಬೇಕಾಯಿತು. ಆ ಸಿಟ್ಟಿಗೇ ಈ ಪತ್ರ.

ಮಲೇರಿಯಾ ಸೊಳ್ಳೆ ರಾತ್ರಿ ಕಚ್ಚುತ್ತದೆ, ಅದಕ್ಕೆ ಮನೆಯಲ್ಲಿ ಪರದೆ ಇದೆ. ಡೆಂಗಿ, ಚಿಕೂನ್‌ಗುನ್ಯ ಹರಡುವ ಈಡಿಸ್ ಸೊಳ್ಳೆ ಕಚ್ಚುವುದು ಹಗಲಲ್ಲಿ. ಬೆಳಗ್ಗೆ ಮತ್ತು ಹೊತ್ತು ಮುಳುಗುವ ಮುಂಚೆ ಅದರ ಕಾಟ ಜಾಸ್ತಿ. ಶಾಲೆಯಲ್ಲಿ ಅದು ಪ್ರಾರ್ಥನೆ ಮತ್ತು ಆಟದ ಹೊತ್ತು. ಪ್ರಾರ್ಥನೆಗೆ ಮಕ್ಕಳು ಕೈಮುಗಿದು ನಿಂತಿರುತ್ತಾರೆ. ಸೊಳ್ಳೆ ಕೂತರೂ ಹೊಡೆಯಲು ಕೈ ಬಿಡುವಂತಿಲ್ಲ. ಮೊಣಕಾಲಿನಿಂದ ಸಾಕ್ಸ್‌ವರೆಗೆ ಕಾಲು ಖಾಲಿ.

ಸರ್ಕಾರ 2024ರ ಸೆಪ್ಟೆಂಬರ್‌ನಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗ ಎಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡ ಅಂತಲೂ ಹೇಳಿತು. ಒಳ್ಳೆಯದೇ. ಅಷ್ಟು ದೊಡ್ಡ ವಿಷಯ ಅಂದಮೇಲೆ ಒಂದು ಗೇಣು ತೋಳಿಗೆ ಯಾಕೆ ತಕರಾರು?

ನನ್ನ ಕಸುಬಿನ ಮಾತೂ ಒಂದಿದೆ. ಸುಮ್ನೆ ಮೈ ಮುಚ್ಚಿದರೆ ಸಾಲದು, ಬಟ್ಟೆ ಸಡಿಲ ಇರಬೇಕು. ಎಷ್ಟೋ ತಾಯಂದಿರು ಸ್ಕರ್ಟ್ ಕೆಳಗೆ ಲೆಗ್ಗಿಂಗ್ಸ್ ಹಾಕಿ ಕಳಿಸುತ್ತಾರೆ. ಅದು ಮೈಗೆ ಅಂಟಿಕೊಂಡಿರುತ್ತದೆ, ಹಿಗ್ಗಿದರೆ ಹೆಣಿಗೆಯ ಕಣ್ಣು ತೆರೆದುಕೊಳ್ಳುತ್ತದೆ. ಸೊಳ್ಳೆಯ ಮೂತಿ ಸಲೀಸಾಗಿ ಇಳಿಯುತ್ತದೆ. ಬಟ್ಟೆ ಕೊಳ್ಳುವಾಗ ಬೆಳಕಿಗೆ ಹಿಡಿದು ನೋಡಿ, ನೇಯ್ಗೆ ಒತ್ತಾಗಿರಲಿ. ತೋಳಿಗೆ ಗುಂಡಿ ಹಾಕುವ ಕಫ್, ಪ್ಯಾಂಟಿನ ತುದಿಗೆ ಎಲಾಸ್ಟಿಕ್ ಇಟ್ಟರೆ ಒಳಗೆ ನುಗ್ಗಲು ದಾರಿ ಇರುವುದಿಲ್ಲ. ಒಡೋಮಸ್ ಹಚ್ಚುವವರು ಬಟ್ಟೆ ಮುಚ್ಚದ ಜಾಗಕ್ಕೆ ಮಾತ್ರ ಹಚ್ಚಿದರೆ ಸಾಕು.

ಬಣ್ಣವೂ ಲೆಕ್ಕಕ್ಕೆ ಬರುತ್ತದೆ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದವರು 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಮ್ಮ ಉಸಿರಿನ ವಾಸನೆ ಸಿಕ್ಕಮೇಲೆ ಈಡಿಸ್ ಸೊಳ್ಳೆ ಕೆಂಪು, ಕಿತ್ತಳೆ, ಕಪ್ಪು ಬಣ್ಣಗಳ ಕಡೆ ಹಾರಿತ್ತು. ಬಿಳಿ, ಹಸಿರಿನ ಕಡೆ ಅಷ್ಟು ಹೋಗಲಿಲ್ಲ. ನಮ್ಮಲ್ಲಿ ಮೆರೂನ್ ಸ್ಕರ್ಟ್, ಕಪ್ಪು ಸಾಕ್ಸ್ ಇಟ್ಟುಕೊಂಡ ಶಾಲೆಗಳೆಷ್ಟು!

ಮಲೇಬೆನ್ನೂರು ಕಡೆ ಭದ್ರಾ ನಾಲೆಯ ಗದ್ದೆಗಳಲ್ಲಿ ನಾಟಿ ಹಾಕುವ ಹೆಂಗಸರನ್ನು ನೋಡಿ. ಸೀರೆ ಮೇಲೆ ಗಂಡನ ಹಳೇ ಫುಲ್ ತೋಳಿನ ಶರ್ಟ್ ಹಾಕಿಕೊಂಡು ಇಳಿಯುತ್ತಾರೆ. ಬಿಸಿಲಿಗೂ ಆಯಿತು, ಸೊಳ್ಳೆಗೂ ಆಯಿತು. ಚೆಂದ ಕಾಣುತ್ತದೋ ಇಲ್ಲವೋ ಎಂದು ಅವರನ್ನು ಕೇಳುವವರಿಲ್ಲ, ಪುಣ್ಯ.

ಏಪ್ರಿಲ್ ಬಿಸಿಲಲ್ಲಿ ದಾವಣಗೆರೆ ಮಕ್ಕಳಿಗೆ ಫುಲ್ ತೋಳು ಹಾಕಿ ಅಂದರೆ ಜನ ನನ್ನನ್ನೇ ಬೈತಾರೆ. ನಾನು ಕೇಳುತ್ತಿರುವುದು ಜೂನ್‌ನಿಂದ ನವೆಂಬರ್‌ವರೆಗೆ ಮಾತ್ರ. ಅದೇ ಬಣ್ಣ, ಅದೇ ಬಟ್ಟೆ, ತೋಳು ಮತ್ತು ಕಾಲು ಮಾತ್ರ ಉದ್ದ. ಶಾಲೆಯವರು ಇಷ್ಟಕ್ಕೆ ಒಪ್ಪಬಹುದು, ಅಲ್ವಾ? ಈಗಾಗಲೇ ಅರ್ಧ ತೋಳು ಹೊಲಿಸಿದವರು ಹೊಸ ಅಂಗಿ ಕೊಳ್ಳಬೇಕಿಲ್ಲ. ಅರ್ಧ ಮೀಟರ್ ಬಟ್ಟೆ ತಂದರೆ ಯಾವ ಟೈಲರ್ ಬೇಕಾದರೂ ತೋಳಿಗೆ ಜೋಡಿಸಿಕೊಡುತ್ತಾರೆ. ಜೋಡಿಸಿದ ಹೊಲಿಗೆ ಕಾಣುತ್ತದೆ, ಕಾಣಲಿ ಬಿಡಿ.

– ಒಬ್ಬ ಟೈಲರ್, ನಿಟುವಳ್ಳಿ, ದಾವಣಗೆರೆ