ಮದರ್‌ಬೋರ್ಡ್ ಮಾರಾಟದಲ್ಲಿ ಬದಲಾವಣೆ: ನಮ್ಮ ಗ್ರಾಹಕರಿಗೆ ಪತ್ರ

ಪ್ರೀತಿಯ ಗ್ರಾಹಕರಿಗೆ ನಮಸ್ಕಾರ.

ಶಿರಸಿಯ ನಮ್ಮ ಕಂಪ್ಯೂಟರ್ ಅಂಗಡಿಯಲ್ಲಿ ಈ ತಿಂಗಳ 1ನೇ ತಾರೀಖಿನಿಂದ, ಕೇಳಿದವರಿಗೆ ಕೇಳಿದ ಕಂಪನಿಯ ಮದರ್‌ಬೋರ್ಡ್ (ಕಂಪ್ಯೂಟರಿನ ಭಾಗಗಳೆಲ್ಲ ಕೂರುವ ಮುಖ್ಯ ಬೋರ್ಡ್) ತರಿಸಿಕೊಡುವುದನ್ನು ನಾವು ನಿಲ್ಲಿಸಿದ್ದೇವೆ. ಇನ್ನು ಮೇಲೆ ಎರಡು ಕಂಪನಿಗಳ ನಾಲ್ಕೇ ಮಾಡೆಲ್ ಅಂಗಡಿಯಲ್ಲಿ ಇರುತ್ತವೆ. ಹೊಸ ಕಂಪ್ಯೂಟರ್ ಕಟ್ಟಿಕೊಡುವಾಗ ಆ ನಾಲ್ಕರಲ್ಲಿ ಒಂದನ್ನು ಹಾಕುತ್ತೇವೆ. ಈ ವಿಷಯಕ್ಕೆ ಹೋದ ವಾರ ಕೌಂಟರ್ ಮುಂದೆ ಎರಡು ಸಲ ಮಾತು ಜೋರಾಯಿತು. ನಮ್ಮ ಕಡೆಯಿಂದಲೂ ಜೋರಾಯಿತು. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಹಳೇ ಅಂಗಡಿಯ ಕಾಲದಿಂದ ಬರುತ್ತಿರುವವರು ನೀವು. ನಮ್ಮ ಬಗ್ಗೆ ಮತ್ತೆ ಮೊದಲಿಂದ ಹೇಳುವ ಅಗತ್ಯ ಇಲ್ಲ.

ಕಳೆದ ಮಳೆಗಾಲದಲ್ಲಿ ಸಿದ್ದಾಪುರ ಕಡೆಯ ಒಬ್ಬ ಗ್ರಾಹಕರ ಬೋರ್ಡ್ ಕೆಟ್ಟಿತು. ಡಿಟಿಪಿ ಕೆಲಸ ಮಾಡುವವರು. ಬೋರ್ಡ್ ಅವರೇ ಆರಿಸಿದ್ದು, ನಾವು ತರಿಸಿಕೊಟ್ಟಿದ್ದು. ಕೊಂಡು ಎಂಟು ತಿಂಗಳಾಗಿತ್ತು, ವಾರಂಟಿ ಮೂರು ವರ್ಷದ್ದು. ಸರ್ವಿಸ್ ಸೆಂಟರಿಗೆ ಕಳಿಸಿದೆವು. ಇಪ್ಪತ್ತೆರಡು ದಿನ ಉತ್ತರವೇ ಇಲ್ಲ. ಆಮೇಲೆ ‘ಸಾಕೆಟ್ ಪಿನ್ ಬಗ್ಗಿದೆ, ವಾರಂಟಿ ಸಿಗುವುದಿಲ್ಲ’ ಎಂಬ ಚೀಟಿಯ ಜೊತೆ ವಾಪಸ್ ಬಂತು. ಸಾಕೆಟ್ ಅಂದರೆ ಬೋರ್ಡಿನಲ್ಲಿ ಪ್ರೊಸೆಸರ್ (ಕಂಪ್ಯೂಟರಿನ ಮುಖ್ಯ ಚಿಪ್) ಕೂರುವ ಜಾಗ. ಅದರ ಮೇಲೆ ಪ್ಲಾಸ್ಟಿಕ್ ಮುಚ್ಚಳ ಹಾಕಿ, ಫೋಟೋ ತೆಗೆದೇ ನಾವು ಪ್ಯಾಕ್ ಮಾಡಿದ್ದೆವು. ಕೊರಿಯರಿನಲ್ಲಿ ಬಗ್ಗಿತೋ, ಅಲ್ಲಿಯ ಟೇಬಲ್ ಮೇಲೆ ಬಗ್ಗಿತೋ ಗೊತ್ತಿಲ್ಲ. ಆ ಸಾಕೆಟ್‌ನಲ್ಲಿ 1700 ಪಿನ್ ಇವೆ. ಒಂದು ಬಗ್ಗಿದರೂ ಕಂಪ್ಯೂಟರ್ ಆನ್ ಆಗದೇ ಹೋಗಬಹುದು. ಮತ್ತೆ ಪತ್ರ, ಮತ್ತೆ ಫೋನು. ಏನೂ ಗಿಟ್ಟಲಿಲ್ಲ. ಕೊನೆಗೆ ನಾವೇ ₹11,200 ಹಾಕಿ ಹೊಸ ಬೋರ್ಡ್ ಕೂರಿಸಿಕೊಟ್ಟೆವು. ಅಷ್ಟರಲ್ಲಿ ಅವರಿಗೆ 41 ದಿನದ ಕೆಲಸ ಹೋಗಿತ್ತು. ಬೋರ್ಡಿನ ದುಡ್ಡು ನಾವು ಕೊಟ್ಟೆವು, ಆ ದಿನಗಳನ್ನು ಕೊಡಲು ಆಗಲಿಲ್ಲ. ಅವರ ಮನೆಗೆ ಹೋಗಿ ತಪ್ಪಾಯಿತು ಎಂದಿದ್ದೇವೆ. ಇಲ್ಲಿಯೂ ಹೇಳುತ್ತೇವೆ.

ಈ ಬದಲಾವಣೆ ಶುರುವಾಗಿದ್ದು ಅಲ್ಲಿಂದ. ನಾಲ್ಕು ಮಾಡೆಲ್‌ಗಳಲ್ಲಿ ಒಂದೊಂದು ಬೋರ್ಡನ್ನು ನಾವು ಮಾರುವುದಿಲ್ಲ. ಸೀಲ್ ಒಡೆಯದೆ ಕಪಾಟಿನಲ್ಲಿ ಇಡುತ್ತೇವೆ. ನಿಮ್ಮ ಬೋರ್ಡ್ ವಾರಂಟಿ ಒಳಗೆ ಕೆಟ್ಟರೆ ಅದನ್ನು ನಿಮಗೆ ಹಾಕಿಕೊಟ್ಟು, ಕೆಟ್ಟದ್ದನ್ನು ನಾವು ಕಳಿಸುತ್ತೇವೆ. ಸರ್ವಿಸ್ ಸೆಂಟರ್ ಜೊತೆಗಿನ ಜಗಳ ಇನ್ನು ನಮ್ಮದು. ಹೀಗೆ ನಾಲ್ಕು ಬೋರ್ಡ್ ಸುಮ್ನೆ ಕಪಾಟಿನಲ್ಲಿ ಕೂತರೆ ನಮ್ಮ ₹45,000 ಅಲ್ಲಿ ಕೂತಂತೆ. ನಾಲ್ಕಕ್ಕೆ ಅದು ಸಾಧ್ಯ. ಮೂವತ್ತು ಮಾಡೆಲ್‌ಗೆ ನಮ್ಮಂಥ ಅಂಗಡಿಯಿಂದ ಆಗುವುದಿಲ್ಲ.

ಈಗ ಎಲ್ಲರ ಬಾಯಲ್ಲೂ ಕೇಳಿದ ಮಾತಿಗೆ ಬರುತ್ತೇನೆ. ‘ಕಮಿಷನ್ ಜಾಸ್ತಿ ಸಿಗುವ ಕಂಪನಿಯದ್ದನ್ನೇ ನಮ್ಮ ತಲೆಗೆ ಕಟ್ಟುತ್ತಾರೆ.’ ಇದು ಮನಸ್ಸಿಗೆ ನಾಟಿದೆ. ಸ್ಕೀಮ್ ಇರುವುದು ನಿಜ, ಸುಳ್ಳು ಹೇಳುವುದಿಲ್ಲ. ಇಷ್ಟು ಬೋರ್ಡ್ ಎತ್ತಿದರೆ ಇಂಥದ್ದು ಕೊಡುತ್ತೇವೆ ಎಂದು ಡಿಸ್ಟ್ರಿಬ್ಯೂಟರ್ ಕಡೆಯವರು ಬರುತ್ತಾರೆ. ಬಿಲ್ಲಿಂಗ್ ಕೌಂಟರಿನ ಮಾನಿಟರ್ ನೀವು ನೋಡಿದ್ದೀರಲ್ವಾ, ಅದು ಹಾಗೆ ಬಂದದ್ದೇ. ಅದನ್ನು ಕೊಟ್ಟ ಕಂಪನಿ ನಮ್ಮ ಈಗಿನ ಪಟ್ಟಿಯಲ್ಲಿ ಇಲ್ಲ. ಸ್ಕೀಮ್ ನೋಡಿ ಆರಿಸಿದ್ದರೆ ಮೊದಲ ಹೆಸರು ಅದೇ ಇರಬೇಕಿತ್ತು.

ಲೆಕ್ಕವನ್ನೂ ಇಡುತ್ತೇನೆ. ₹12,400ಕ್ಕೆ ಮಾರುವ ಒಂದು ಬೋರ್ಡ್ 18% ಜಿಎಸ್‌ಟಿ ಸೇರಿ ನಮಗೆ ₹11,850ಕ್ಕೆ ಬೀಳುತ್ತದೆ. ಉಳಿಯುವುದು ₹550. ಅದರಲ್ಲೂ ತೆರಿಗೆಯ ಪಾಲಿದೆ. ಅದು ಒಮ್ಮೆ ಕೆಟ್ಟರೆ ಕಳಿಸುವ ಖರ್ಚು, ಪ್ಯಾಕಿಂಗ್, ಇನ್ಶೂರೆನ್ಸ್ ಎಲ್ಲ ಸೇರಿ ₹600 ದಾಟುತ್ತದೆ. ಆಮೇಲೆ ನನ್ನ ತಮ್ಮ ಅರ್ಧ ದಿನ ಫೋನ್ ಹಿಡಿದು ನಿಲ್ಲಬೇಕು. ಅದಕ್ಕೆ ಯಾರೂ ಬಿಲ್ ಕೊಡುವುದಿಲ್ಲ. ಕಮಿಷನ್ ತಿಂದು ಮನೆ ಕಟ್ಟಿಸುವಷ್ಟು ಈ ವ್ಯಾಪಾರದಲ್ಲಿ ಇಲ್ಲ.

‘ಹಾಗಾದರೆ ಉಳಿದ ಕಂಪನಿಗಳು ಕಳಪೆಯಾ?’ ಎಂದೂ ಕೇಳುತ್ತೀರಿ. ಅಲ್ಲ. ಆಸುಸ್, ಗಿಗಾಬೈಟ್, ಎಂಎಸ್‌ಐ, ಎಎಸ್‌ರಾಕ್ ನಾಲ್ಕೂ ತೈವಾನ್ ಕಂಪನಿಗಳು. ನಾಲ್ಕರ ಬೋರ್ಡ್‌ಗಳ ಮೇಲೂ ನಾವು ಕಂಪ್ಯೂಟರ್ ಕಟ್ಟಿದ್ದೇವೆ. ಅವುಗಳಲ್ಲಿ ಎಷ್ಟೋ ಇಂದಿಗೂ ಓಡುತ್ತಿವೆ. ನಾವು ಇಟ್ಟುಕೊಂಡ ಎರಡು ಯಾವುವು ಎಂದು ಅಂಗಡಿಯ ಗೋಡೆಯ ಮೇಲೆ ಬೆಲೆ ಸಮೇತ ಬರೆದಿದ್ದೇವೆ. ಈ ಪತ್ರದಲ್ಲಿ ಹಾಕುವುದಿಲ್ಲ. ಉಳಿದ ಎರಡು ಕೆಟ್ಟವು ಎಂದು ಊರೆಲ್ಲ ಸುದ್ದಿಯಾಗುವುದು ನಮಗೆ ಬೇಡ.

ಹೆಸರಿನ ಮೇಲೆ ಆರಿಸಬೇಡಿ ಎಂದು ನಾನು ಹೇಳುವುದಕ್ಕೆ ಕಾರಣ ಇದೆ. ಪ್ರೊಸೆಸರ್ ಮಾಡುವ ಕಂಪನಿಗಳು ಇಂಟೆಲ್ ಮತ್ತು ಎಎಂಡಿ. ಬಿ760 ಎಂದರೆ ಇಂಟೆಲ್ ಕೊಡುವ ಚಿಪ್‌ಸೆಟ್ (ಪ್ರೊಸೆಸರನ್ನು ಬೋರ್ಡಿನ ಉಳಿದ ಭಾಗಗಳಿಗೆ ಜೋಡಿಸುವ ಚಿಪ್), ಬಿ650 ಎಎಂಡಿಯದ್ದು. ಯಾವ ಕಂಪನಿಯ ಬೋರ್ಡ್ ಕೊಂಡರೂ ಆ ಚಿಪ್ ಒಂದೇ. ವ್ಯತ್ಯಾಸ ಬರುವುದು ಅದರ ಸುತ್ತಲಿನ ಕೆಲಸದಲ್ಲಿ. ಕಂಪ್ಯೂಟರಿಗೆ ಕರೆಂಟ್ ಕೊಡುವ ಡಬ್ಬಿಯಿಂದ (ಎಸ್‌ಎಂಪಿಎಸ್) ಬರುವ 12 ವೋಲ್ಟನ್ನು ಪ್ರೊಸೆಸರಿಗೆ ಬೇಕಾದ ಒಂದು ವೋಲ್ಟಿನ ಆಸುಪಾಸಿಗೆ ಇಳಿಸುವ ಭಾಗವೊಂದಿದೆ. ವಿಆರ್‌ಎಂ ಎನ್ನುತ್ತೇವೆ. ಅಗ್ಗದ ಬೋರ್ಡುಗಳಲ್ಲಿ ಎಷ್ಟೋ ಸಲ ಅದರ ಮೇಲೆ ಬಿಸಿ ಹೀರುವ ಲೋಹದ ತುಂಡು (ಹೀಟ್‌ಸಿಂಕ್) ಇರುವುದಿಲ್ಲ. ಸೊಸೈಟಿಯ ಬಿಲ್ಲಿಂಗ್‌ಗೆ, ಟ್ಯಾಲಿಯಲ್ಲಿ ಲೆಕ್ಕ ಬರೆಯುವುದಕ್ಕೆ ಅದು ನಡೆಯುತ್ತದೆ. ಹಂಚಿನ ಮನೆಯ ಅಟ್ಟದ ಮೇಲೆ ಏಪ್ರಿಲ್ ಸೆಕೆಯಲ್ಲಿ ಮದುವೆ ವಿಡಿಯೋ ಎಡಿಟ್ ಮಾಡುವ ಹುಡುಗನಿಗೆ ನಡೆಯುವುದಿಲ್ಲ. ಒಂದೇ ಕಂಪನಿ ಎರಡೂ ಥರದ ಬೋರ್ಡ್ ಮಾಡುತ್ತದೆ. ಡಬ್ಬಿಯ ಮೇಲಿನ ಹೆಸರು ನೋಡಿದರೆ ಇದು ತಿಳಿಯುವುದಿಲ್ಲ.

ಬಯಾಸ್ ಇನ್ನೊಂದು. ಕಂಪ್ಯೂಟರ್ ಆನ್ ಮಾಡಿದಾಗ ಮೊದಲು ಓಡುವ, ಬೋರ್ಡಿನೊಳಗಿನ ಪ್ರೋಗ್ರಾಮ್ ಅದು. 2023ರಲ್ಲಿ ಎಎಂಡಿಯ ಕೆಲವು ರೈಜೆನ್ 7000 ಪ್ರೊಸೆಸರ್‌ಗಳು ಸುಟ್ಟು ಹೋದವು. ಪ್ರೊಸೆಸರಿನ ಒಂದು ಭಾಗಕ್ಕೆ ಹೋಗುವ ವೋಲ್ಟೇಜ್ (ಎಸ್‌ಒಸಿ ವೋಲ್ಟೇಜ್) 1.3 ವೋಲ್ಟ್ ದಾಟದಂತೆ ಎಎಂಡಿ ಮಿತಿ ಹಾಕಿತು. 2024ರಲ್ಲಿ ಇಂಟೆಲ್‌ನ 13, 14ನೇ ಜನರೇಶನ್ ಪ್ರೊಸೆಸರ್‌ಗಳು ಹ್ಯಾಂಗ್ ಆಗುವ ತೊಂದರೆಗೆ ಹೊಸ ಮೈಕ್ರೋಕೋಡ್ (ಪ್ರೊಸೆಸರ್ ಒಳಗಿನ ಸೂಚನೆಗಳು) ಬಂತು. ಈ ಎರಡೂ ಪರಿಹಾರ ಜನರ ಕೈಗೆ ತಲುಪಿದ್ದು ಬೋರ್ಡ್ ಕಂಪನಿಗಳ ಬಯಾಸ್ ಅಪ್‌ಡೇಟ್ ಮೂಲಕ. ಮೂವತ್ತು ಮಾಡೆಲ್‌ಗೆ ಯಾವ ಅಪ್‌ಡೇಟ್ ಬಂತು ಎಂದು ನೋಡುತ್ತಾ ಕೂರಲು ನಮಗಾಗುತ್ತಿರಲಿಲ್ಲ. ನಾಲ್ಕಕ್ಕೆ ತಪ್ಪದೆ ನೋಡುತ್ತೇವೆ. ನಿಮ್ಮ ಕೈಗೆ ಕೊಡುವ ಮೊದಲೇ ಹೊಸ ಬಯಾಸ್ ಹಾಕಿರುತ್ತೇವೆ.

ನಾಲ್ಕರಲ್ಲಿ ಒಂದನ್ನು ಡಿಡಿಆರ್4 (ಹಳೇ ಥರದ ರ‍್ಯಾಮ್) ಹಿಡಿಯುವ ಬೋರ್ಡ್ ಆಗಿಯೇ ಇಟ್ಟಿದ್ದೇವೆ. 2025ರ ಕೊನೆಯಿಂದ ರ‍್ಯಾಮ್ ಬೆಲೆ ಹೇಗೆ ಏರಿತು ಎಂದು ನೋಡಿದ್ದೀರಿ. ಅದಕ್ಕೂ ನಮ್ಮನ್ನೇ ಬೈದವರಿದ್ದಾರೆ. ಮೆಮೊರಿ ಕಂಪನಿಗಳು ಎಐ ಡೇಟಾ ಸೆಂಟರ್‌ಗಳ ಕಡೆ ತಿರುಗಿದರೆ ಶಿರಸಿಯ ಅಂಗಡಿ ಏನು ಮಾಡಬೇಕು ಹೇಳಿ. ಹಳೇ ಡಿಡಿಆರ್4 ರ‍್ಯಾಮ್ ಇದ್ದರೆ ಎಸೆಯಬೇಡಿ. ಇಂಟೆಲ್ 12ರಿಂದ 14ನೇ ಜನರೇಶನ್‌ವರೆಗಿನ ಪ್ರೊಸೆಸರ್‌ಗೆ ಈ ಬೋರ್ಡ್ ಹಾಕಿ ಅದನ್ನೇ ಬಳಸಬಹುದು. ಎಎಂ5 ಸಾಕೆಟ್‌ನ ರೈಜೆನ್ ಬೇಕೆಂದರೆ ಹೊಸ ಥರದ ಡಿಡಿಆರ್5 ಕೊಳ್ಳಲೇಬೇಕು.

ಆನ್‌ಲೈನ್‌ನಲ್ಲಿ ಕೊಂಡ ಬೋರ್ಡ್ ತಂದರೆ ಬೇಡ ಎನ್ನುವುದಿಲ್ಲ. ಜೋಡಿಸುವ ಕೂಲಿ ₹1,200. ಆದರೆ ಅದು ಕೆಟ್ಟರೆ ಕಪಾಟಿನಲ್ಲಿರುವ ಬದಲಿ ಬೋರ್ಡ್ ಕೊಡುವುದಿಲ್ಲ. ಇದಕ್ಕೆ ಬೇಜಾರು ಮಾಡಿಕೊಳ್ಳಬೇಡಿ.

ನಮ್ಮ ಕಡೆ ವಾರಂಟಿಗೆ ಸೇರದ ಕೇಡುಗಳೇ ಜಾಸ್ತಿ. ಸಿಡಿಲು, ಇರುವೆ, ತುಕ್ಕು. ಘಟ್ಟದ ಕೆಳಗಿನವರಿಗೆ, ಕುಮಟಾ, ಅಂಕೋಲಾ, ಗೋಕರ್ಣದವರಿಗೆ, ಉಪ್ಪುಗಾಳಿ ಬೇರೆ. ಸಿಡಿಲಿನ ಹೊತ್ತಿಗೆ ಕರೆಂಟ್ ಪ್ಲಗ್ ಜೊತೆ ಲ್ಯಾನ್ ಕೇಬಲ್ಲನ್ನೂ ಕಿತ್ತಿಡಿ. ಮಳೆಗಾಲದಲ್ಲಿ ದಿನಕ್ಕೆ ಅರ್ಧ ಗಂಟೆಯಾದರೂ ಕಂಪ್ಯೂಟರ್ ಆನ್ ಮಾಡಿಡಿ, ಒಳಗಿನ ಥಂಡಿ ಆರುತ್ತದೆ. ಊರೊಳಗಿನ ಮನೆಗಳಿಗೆ ಹೊಸ ಕಂಪ್ಯೂಟರ್ ಕೊಡುವಾಗ ತಮ್ಮನೇ ಬಂದು ಅರ್ಥಿಂಗ್ ನೋಡಿ ಹೋಗುತ್ತಾನೆ. ಅದಕ್ಕೆ ದುಡ್ಡಿಲ್ಲ.

ಅಡಿಕೆ ವ್ಯಾಪಾರ ಆದ ಮೇಲೆ ಕೊಡುತ್ತೇನೆ ಎನ್ನುವವರ ಲೆಕ್ಕ ಮೊದಲಿನಂತೆಯೇ ನಡೆಯುತ್ತದೆ. ಅದರಲ್ಲಿ ಏನೂ ಬದಲಿಲ್ಲ. ಈಗಾಗಲೇ ಬೇರೆ ಕಂಪನಿಯ ಬೋರ್ಡಿಗೆ ಅಡ್ವಾನ್ಸ್ ಕೊಟ್ಟ ಆರು ಜನರಿಗೆ ಹೇಳಿದ ಬೋರ್ಡನ್ನೇ ಹೇಳಿದ ಬೆಲೆಗೆ ತರಿಸಿಕೊಡುತ್ತೇವೆ. ಮನಸ್ಸು ಬದಲಿಸಿದರೆ ಅಡ್ವಾನ್ಸ್ ಪೂರ್ತಿ ವಾಪಸ್. ಹಳೇ ಬಿಲ್‌ನ ವಾರಂಟಿ ಮುಗಿಯುವವರೆಗೆ, ಯಾವ ಕಂಪನಿಯದ್ದಾದರೂ, ಕಳಿಸಿ ತರಿಸುವ ಜವಾಬ್ದಾರಿ ನಮ್ಮದೇ. ಬಿಲ್ ಕಳೆದಿದ್ದರೆ ನಮ್ಮ ಪುಸ್ತಕದಲ್ಲಿ ಹುಡುಕಿಕೊಡುತ್ತೇವೆ, ಖರೀದಿಸಿದ ತಿಂಗಳು ನೆನಪಿದ್ದರೆ ಸಾಕು.

ನಿಮ್ಮವರು,
ಅಂಗಡಿಯ ಅಣ್ಣ ತಮ್ಮ
ಶಿರಸಿ