ಅಪ್ಪಾಜಿಗೆ, ಅಮಿಯಾಂನಿಂದ

ಅಮಿಯಾಂ, ಫ್ರಾನ್ಸ್
ನವೆಂಬರ್ 11

ಪ್ರೀತಿಯ ಅಪ್ಪಾಜಿಗೆ,

ನಿಮಗೂ ಅಮ್ಮನಿಗೂ ನಮಸ್ಕಾರಗಳು. ನಾನು ಇಲ್ಲಿ ಚೆನ್ನಾಗಿದ್ದೇನೆ. ಚಳಿ ಶುರುವಾಗಿದೆ. ಅಮ್ಮ ಕಳಿಸಿದ ಹುರುಳಿಕಾಳು, ಹುಣಸೆಹಣ್ಣು ಎರಡೂ ಬಂದು ಸೇರಿದವು. ನಿನ್ನೆ ರಾತ್ರಿ ಬಸ್ಸಾರು ಮಾಡಿ ಹೊಟ್ಟೆ ತುಂಬ ಉಂಡೆ ಅಂತ ಹೇಳಿ.

ಹೋದ ವಾರ ಫೋನಿನಲ್ಲಿ ನೀವು ಮೊದಲನೇ ಮಹಾಯುದ್ಧದ ಬಗ್ಗೆ ಒಂದು ಪ್ರಶ್ನೆ ಕೇಳಿದಿರಿ. "ನಾಲ್ಕು ವರ್ಷ ನಿಂತಲ್ಲೇ ನಿಂತಿದ್ದ ಯುದ್ಧ, ಕೊನೆಗೆ ನೂರು ದಿನದಲ್ಲಿ ಹೇಗಮ್ಮ ಮುಗೀತು? ಮೂವತ್ತು ವರ್ಷ ಪಾಠ ಮಾಡಿದೆ, ಅದೊಂದು ನನಗೇ ಬಗೆಹರೀಲಿಲ್ಲ" ಅಂದಿರಿ. ಆ ಮಾತು ಮನಸ್ಸಿನಲ್ಲೇ ಉಳಿದುಬಿಟ್ಟಿತು. ನೀವು ಬರೆಸುತ್ತಿದ್ದ ನೋಟ್ಸ್ ನನಗಿನ್ನೂ ಬಾಯಿಪಾಠ. ಮೊದಲು ಯುದ್ಧಕ್ಕೆ ಕಾರಣಗಳು, ಆಮೇಲೆ ಪರಿಣಾಮಗಳು. ನಡುವೆ ಒಂದೇ ಸಾಲು: ಮಿತ್ರರಾಷ್ಟ್ರಗಳು ಜಯಗಳಿಸಿದವು. ಆ ಒಂದು ಸಾಲು ನಡೆದ ಮಣ್ಣಿನ ಮೇಲೇ ನಾನೀಗ ಇದ್ದೇನೆ. ಅದಕ್ಕೇ ಈ ಪತ್ರ.

ಇವತ್ತು ಇಲ್ಲಿ ರಜೆ. 1918ರಲ್ಲಿ ಇದೇ ದಿನ ಬೆಳಿಗ್ಗೆ ಹನ್ನೊಂದಕ್ಕೆ ಗುಂಡಿನ ಸದ್ದು ನಿಂತಿತು. ಲ್ಯಾಬಿನ ಗೆಳತಿಯೊಬ್ಬಳ ಜೊತೆ ಬೆಳಿಗ್ಗೆಯೇ ರೈಲು ಹತ್ತಿ ವಿಲೇರ್ ಬ್ರೆತೊನ್ನೊ ಅನ್ನುವ ಸಣ್ಣ ಊರಿಗೆ ಹೋಗಿದ್ದೆ. ರೈಲಿನಲ್ಲಿ ಕಾಲು ಗಂಟೆ ಅಷ್ಟೇ. ಒಂದೇ ಸಮನೆ ಮಂಜು. ರಸ್ತೆಯ ಎರಡೂ ಕಡೆ ಬಯಲು, ಕೊನೆಯೇ ಕಾಣದ ಹೊಲಗಳು. ಈಗ ಸಕ್ಕರೆ ಬೀಟ್‌ರೂಟ್ ಕೀಳುವ ಕಾಲ. ಗಾಡಿ ಬರುವವರೆಗೆ ನಮ್ಮಲ್ಲಿ ಕಬ್ಬು ಕಡಿದು ಒಟ್ಟುವ ಹಾಗೆ, ಇವರು ಹೊಲದ ಅಂಚಿಗೆ ಗೆಡ್ಡೆಗಳನ್ನು ಉದ್ದಕ್ಕೆ ಗುಡ್ಡೆ ಹಾಕುತ್ತಾರೆ.

ಅಂಥ ಒಂದು ಗುಡ್ಡೆಯ ಪಕ್ಕ, ಕರೆಂಟ್ ಕಂಬದ ಬುಡದಲ್ಲಿ ಒಂದು ಫಿರಂಗಿ ಷೆಲ್ ಬಿದ್ದಿತ್ತು. ನನ್ನ ಮೊಳಕೈಯಷ್ಟು ಉದ್ದ. ತುಕ್ಕು ಹಿಡಿದು ಮಣ್ಣಿನ ಬಣ್ಣವೇ ಆಗಿಹೋಗಿತ್ತು. ಬುಡದ ಸುತ್ತ ತಾಮ್ರದ ಪಟ್ಟಿ, ಹಸಿರುಗಟ್ಟಿದ್ದು. ಒಂದು ಮಗ್ಗುಲಿಗೆ ಹಸಿ ಜೇಡಿ ಇನ್ನೂ ಮೆತ್ತಿಕೊಂಡಿತ್ತು, ಅಂದರೆ ಈ ವಾರವೇ ಮೇಲೆ ಬಂದದ್ದು. ನಾನು ಬಗ್ಗಿ ನೋಡಲು ಹೋದೆ. ಗೆಳತಿ ತೋಳು ಹಿಡಿದು ಹಿಂದಕ್ಕೆ ಎಳೆದಳು. ಉಳುವಾಗಲೋ ಗೆಡ್ಡೆ ಕೀಳುವಾಗಲೋ ಸಿಕ್ಕಿದ್ದನ್ನು ರೈತರು ಹೀಗೆ ರಸ್ತೆ ಬದಿಗಿಟ್ಟು ತಿಳಿಸುತ್ತಾರಂತೆ. ಅದಕ್ಕೆಂದೇ ಇರುವ ಸರ್ಕಾರಿ ತಂಡ ಬಂದು ಒಯ್ಯುತ್ತದೆ. ಇದನ್ನು 'ಕಬ್ಬಿಣದ ಕೊಯ್ಲು' ಅಂತಲೇ ಕರೆಯುತ್ತಾರೆ. ನೇಗಿಲಿಗೆ ಸಿಕ್ಕಿದ ಕಲ್ಲನ್ನು ನೀವು ಬದುವಿನ ಮೇಲೆ ಎಸೆಯುವುದು ನೆನಪಾಯಿತು. ಈ ಕಲ್ಲು ನೂರು ವರ್ಷದ ಮೇಲೂ ಸಿಡಿಯಬಲ್ಲದು, ಅಪ್ಪಾಜಿ.

ನಿಮ್ಮ ಪ್ರಶ್ನೆಗೆ ಬರುತ್ತೇನೆ. ಅದರ ಉತ್ತರ ಶುರುವಾಗುವುದು ಸೋಲಿನಿಂದ. 1918ರ ಹೊತ್ತಿಗೆ ರಷ್ಯಾ ಕ್ರಾಂತಿಯಾಗಿ ಯುದ್ಧದಿಂದ ಹೊರಗೆ ಹೋಗಿತ್ತು. ಅಲ್ಲಿ ಬಿಡುವಾದ ದಂಡನ್ನೆಲ್ಲ ಜರ್ಮನಿ ಈ ಕಡೆಗೆ ತಂದಿತು. ಅಮೆರಿಕದವರು ಪೂರ್ತಿ ಬಂದಿಳಿಯುವ ಮೊದಲು ಗೆದ್ದುಬಿಡಬೇಕು ಅನ್ನುವ ಅವಸರ ಅವರಿಗೆ. ಮಾರ್ಚ್ 21ರ ಬೆಳಗಿನ ಜಾವ ಸುಮಾರು ಐದು ಗಂಟೆಯಲ್ಲಿ ಹತ್ತು ಲಕ್ಷಕ್ಕೂ ಜಾಸ್ತಿ ಷೆಲ್ ಸುರಿದರು. ಬ್ರಿಟಿಷರ ಐದನೇ ಸೇನೆ ಕುಸಿಯಿತು. ವರ್ಷಗಟ್ಟಲೆ ಗಜ ಲೆಕ್ಕದಲ್ಲಿ ಸರಿಯುತ್ತಿದ್ದ ಗಡಿ ಎರಡೇ ವಾರದಲ್ಲಿ 60 ಕಿಲೋಮೀಟರಿಗೂ ಹೆಚ್ಚು ಹಿಂದೆ ಬಂತು. ಜರ್ಮನರ ಕಣ್ಣಿದ್ದದ್ದು ನಾನಿರುವ ಈ ಅಮಿಯಾಂ ಮೇಲೆ. ರೈಲು ಹಳಿಗಳೆಲ್ಲ ಇಲ್ಲೇ ಕೂಡುತ್ತವೆ. ಈ ಊರು ಹೋದರೆ ಬ್ರಿಟಿಷರು ಸಮುದ್ರದ ಕಡೆ, ಫ್ರೆಂಚರು ಪ್ಯಾರಿಸ್ ಕಡೆ, ಇಬ್ಬರೂ ಬೇರೆಬೇರೆ.

ಆಗ ಕಂಡದ್ದು ಏನು ಗೊತ್ತಾ? ಮೂರೂವರೆ ವರ್ಷ ಜೊತೆಗೆ ಹೋರಾಡಿದ ಈ ಸೇನೆಗಳಿಗೆ ಒಬ್ಬ ಯಜಮಾನನೇ ಇರಲಿಲ್ಲ. ಫ್ರೆಂಚ್ ದಂಡನಾಯಕ ಪೆತಾಂಗೆ ಪ್ಯಾರಿಸ್ ಚಿಂತೆ. ಬ್ರಿಟಿಷರ ಹೇಗ್‌ಗೆ ತನ್ನ ಬಂದರುಗಳ ಚಿಂತೆ. ಅವರವರ ಮನೆಯಿಂದ ನೋಡಿದರೆ ಇಬ್ಬರದ್ದೂ ಸರಿ. ಒಂದೇ ಕೆರೆಯ ನೀರುಣ್ಣುವ ಊರುಗಳು ತಂತಮ್ಮ ತೂಬು ಮಾತ್ರ ಕಾಯುತ್ತಾ ಕೂತರೆ ಏರಿ ಒಡೆಯುವುದು ಯಾರ ಕಣ್ಣಿಗೂ ಬೀಳುವುದಿಲ್ಲ, ಅಲ್ವಾ? ಮಾರ್ಚ್ 26ರಂದು ದೂಲಾಂ ಅನ್ನುವ ಊರಿನ ಪುರಸಭೆ ಕಟ್ಟಡದಲ್ಲಿ ಎಲ್ಲರೂ ಕೂತರು. ಎರಡೂ ಸೇನೆಗಳನ್ನು ಹೊಂದಿಸಿ ನಡೆಸುವ ಹೊಣೆಯನ್ನು ಫ್ರೆಂಚ್ ಜನರಲ್ ಫಾಷ್‌ಗೆ ಒಪ್ಪಿಸಿದರು. ಹೇಗ್ ತಾನಾಗಿಯೇ ಅದಕ್ಕೆ ತಲೆಬಾಗಿದ. ಇಷ್ಟೆಲ್ಲ ತಿಳಿದ ಮೇಲೆ ನನಗೆ ಅನ್ನಿಸುವುದು ಇದು: ಯುದ್ಧ ತಿರುಗಿದ್ದು ಆ ಕೋಣೆಯಲ್ಲಿ. ರಣರಂಗದಲ್ಲಿ ಕಂಡದ್ದು ಅದರ ಫಲ.

ವಿಲೇರ್ ಬ್ರೆತೊನ್ನೊ ಏಪ್ರಿಲ್ 24ರಂದು ಜರ್ಮನರ ಕೈಗೆ ಹೋಯಿತು. ಅದೇ ರಾತ್ರಿ ಆಸ್ಟ್ರೇಲಿಯಾದವರು ಎರಡು ಕಡೆಯಿಂದ ಸುತ್ತುವರಿದು, ಬೆಳಗಾಗುವುದರೊಳಗೆ ಬಹುಪಾಲು ವಾಪಸ್ ಹಿಡಿದರು. ಅಮಿಯಾಂ ಉಳಿಯಿತು. ಊರಿನ ಶಾಲೆ ಯುದ್ಧದಲ್ಲಿ ನೆಲಸಮವಾಗಿತ್ತು. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಮಕ್ಕಳು ಚಿಲ್ಲರೆ ಕಾಸು ಕೂಡಿಸಿ ಕಳಿಸಿದ ಹಣ ಸೇರಿ ಅದು ಮತ್ತೆ ಎದ್ದಿತು. 'ಆಸ್ಟ್ರೇಲಿಯಾವನ್ನು ಮರೆಯಬೇಡಿ' ಅಂತ ಶಾಲೆಯ ಅಂಗಳದಲ್ಲಿ ದಪ್ಪ ಅಕ್ಷರದಲ್ಲಿ ಬರೆದಿದ್ದಾರೆ. ಹೋದ ಸಲ ಬಂದಾಗ ಅದರ ಕೆಳಗೆ ಮಕ್ಕಳು ಆಡುತ್ತಿದ್ದವು. ನಿಮ್ಮ ಶಾಲೆಯ ಅಂಗಳವೇ ಕಣ್ಣಮುಂದೆ ಬಂತು.

ಜುಲೈ 18ರಂದು ಮಾರ್ನ್ ನದಿಯ ಹತ್ತಿರ ಫ್ರೆಂಚರು, ಅಮೆರಿಕನ್ನರು ಸೇರಿ ತಿರುಗಿ ಹೊಡೆದರು. ದಿಕ್ಕು ಬದಲಾಯಿತು ಅನ್ನುವುದು ಅಲ್ಲಿಂದಲೇ ಕಾಣುತ್ತದೆ. ಆದರೆ ಬೆನ್ನು ಮುರಿದ ಏಟು ಬಿದ್ದದ್ದು ಇವತ್ತು ನಾನು ನಡೆದಾಡಿದ ಈ ಬಯಲಿನಲ್ಲಿ, ಆಗಸ್ಟ್ 8ರಂದು.

1916ರಲ್ಲಿ ಇಲ್ಲೇ ಹತ್ತಿರ, ಸೋಮ್ ನದಿಯ ಬಳಿ, ಬ್ರಿಟಿಷರು ಒಂದು ವಾರ ಮೊದಲೇ ಷೆಲ್ ಸುರಿಸಿ ನಾವು ಬರುತ್ತೇವೆ ಅಂತ ಡಂಗುರ ಸಾರಿದ ಹಾಗೆ ಮಾಡಿದ್ದರು. ಮೊದಲ ದಿನವೇ ಅವರ ಕಡೆ ಸತ್ತವರು 19,240 ಜನ. ಒಂದೇ ದಿನಕ್ಕೆ, ಅಪ್ಪಾಜಿ. 1918ರಲ್ಲಿ ಹಾಗೆ ಮಾಡಲಿಲ್ಲ. ದಾಳಿಗೆ ಮುಂಚೆ ಷೆಲ್ ಸುರಿಸಲೇ ಇಲ್ಲ. ಕೆನಡಾದ ಪಡೆಯನ್ನು ರಾತ್ರಿ ಹೊತ್ತಿನಲ್ಲಿ ಗುಟ್ಟಾಗಿ ಇಲ್ಲಿಗೆ ತಂದರು. ಅವರು ಇನ್ನೂ ಉತ್ತರದಲ್ಲೇ ಇದ್ದಾರೆ ಅಂತ ಜರ್ಮನರು ನಂಬಲೆಂದು ಒಂದಿಷ್ಟು ಜನರನ್ನು ಫ್ಲಾಂಡರ್ಸ್‌ಗೆ ಕಳಿಸಿ ಅಲ್ಲಿಂದ ರೇಡಿಯೊ ಸಂದೇಶ ಕಳಿಸುತ್ತಿದ್ದರು. ಟ್ಯಾಂಕುಗಳ ಸದ್ದು ಕೇಳದಿರಲಿ ಅಂತ ಮೇಲೆ ವಿಮಾನ ಹಾರಿಸಿದರು. 'ಬಾಯಿ ಮುಚ್ಚಿಕೊಂಡಿರು' ಅನ್ನುವ ಚೀಟಿಯನ್ನು ಸೈನಿಕರ ಸಂಬಳದ ಪುಸ್ತಕಕ್ಕೇ ಅಂಟಿಸಿದ್ದರು.

ಮುಂಚೆ ಗುಂಡು ಹಾರಿಸದೆ ಎದುರಾಳಿಯ ಫಿರಂಗಿ ಎಲ್ಲೆಲ್ಲಿದೆ ಅಂತ ಗುರಿ ಹಿಡಿಯುವುದು ಹೇಗೆ? ಇದನ್ನು ಓದಿದಾಗ ನನಗೆ ಮೈ ಜುಮ್ಮೆಂದಿತು. ಆ ಕೆಲಸ ಕಟ್ಟಿ ನಿಲ್ಲಿಸಿದವರು ಭೌತವಿಜ್ಞಾನಿ ಲಾರೆನ್ಸ್ ಬ್ರ್ಯಾಗ್. ನಾನು ಬ್ಯಾಟರಿ ಪುಡಿಯನ್ನು ಎಕ್ಸ್-ರೇ ಕೆಳಗಿಟ್ಟು ದಿನಾ ಲೆಕ್ಕ ಹಾಕುತ್ತೇನಲ್ಲ, ಆ ನಿಯಮ ಇವರದ್ದೇ. 1915ರಲ್ಲಿ ಅಪ್ಪ, ಮಗ ಇಬ್ಬರಿಗೂ ಸೇರಿ ನೊಬೆಲ್ ಬಂದಾಗ ಮಗನಿಗೆ ಬರೀ 25 ವರ್ಷ, ಇರುವುದು ಯುದ್ಧದಲ್ಲಿ. ಅದೇ ವರ್ಷ ಅವರ ತಮ್ಮ ತುರ್ಕಿಯ ಗಲಿಪೊಲಿ ರಣರಂಗದಲ್ಲಿ ತೀರಿಕೊಂಡ. ಫಿರಂಗಿ ಹಾರಿದಾಗ ಕಿವಿಗೆ ಸರಿಯಾಗಿ ಕೇಳದ ಒಂದು ಅಲೆ ಏಳುತ್ತದೆ. ಬ್ರ್ಯಾಗ್ ಜೊತೆಗಿದ್ದ ಟಕ್ಕರ್ ಅವರ ಗುಡಿಸಲಿನ ಗೋಡೆಯಲ್ಲಿ ತೂತುಗಳಿದ್ದವು. ದೂರದಲ್ಲಿ ಫಿರಂಗಿ ಹಾರಿದಾಗಲೆಲ್ಲ ಆ ತೂತಿನಿಂದ ತಣ್ಣನೆ ಗಾಳಿ ಮುಖಕ್ಕೆ ತಾಗುತ್ತಿತ್ತು. ಅದರಿಂದಲೇ ಉಪಾಯ ಹೊಳೆಯಿತು. ಕೂದಲಿನಷ್ಟು ತೆಳು ಪ್ಲಾಟಿನಂ ತಂತಿಯನ್ನು ಬಿಸಿ ಮಾಡಿ ಇಡುವುದು. ಆ ಗಾಳಿ ತಾಗಿದರೆ ತಂತಿ ಆರುತ್ತದೆ, ಕರೆಂಟ್ ಬದಲಾಗುತ್ತದೆ, ಅದು ಫಿಲ್ಮಿನ ಮೇಲೆ ದಾಖಲಾಗುತ್ತದೆ. ಇಂಥವನ್ನು ದೂರ ದೂರಕ್ಕೆ ಸಾಲಾಗಿ ಇಟ್ಟರು. ಯಾವುದಕ್ಕೆ ಮೊದಲು ತಾಗಿತು, ಯಾವುದಕ್ಕೆ ಎಷ್ಟು ತಡವಾಗಿ ಅಂತ ನೋಡಿದರೆ ಫಿರಂಗಿಯ ಜಾಗ ಸಿಕ್ಕಿಬಿಡುತ್ತದೆ. ಇದೂ, ವಿಮಾನದಿಂದ ತೆಗೆದ ಫೋಟೋಗಳೂ ಸೇರಿ, ಜರ್ಮನರ 530 ಫಿರಂಗಿಗಳಲ್ಲಿ 504 ಎಲ್ಲಿವೆ ಅಂತ ಮೊದಲೇ ತಿಳಿದಿತ್ತು.

ಬೆಳಗಿನ ಜಾವ 4:20. ಇವತ್ತಿನಂಥದ್ದೇ ಮಂಜು. ಸುಮಾರು 2,000 ಫಿರಂಗಿ ಒಂದೇ ಕ್ಷಣಕ್ಕೆ ಹಾರಿದವು. ಷೆಲ್‌ಗಳ ಗೋಡೆ ಕೆಲವೇ ನಿಮಿಷಕ್ಕೊಮ್ಮೆ ನೂರು ಗಜ ಮುಂದೆ ಸರಿಯುತ್ತಿತ್ತು. ಉಳುವವನ ಹಿಂದೆ ಬಿತ್ತುವವನು ಹೆಜ್ಜೆ ಹಾಕುವ ಹಾಗೆ, ಅದರ ಹಿಂದೆಯೇ ಟ್ಯಾಂಕ್, ಟ್ಯಾಂಕಿನ ಜೊತೆ ಕಾಲಾಳು. ಟ್ಯಾಂಕುಗಳೇ 500ಕ್ಕೂ ಹೆಚ್ಚು. ನಡುವೆ ಆಸ್ಟ್ರೇಲಿಯಾ ಮತ್ತು ಕೆನಡಾ, ಒಂದು ಪಕ್ಕ ಬ್ರಿಟಿಷರು, ಇನ್ನೊಂದು ಪಕ್ಕ ಫ್ರೆಂಚರು. ಆಸ್ಟ್ರೇಲಿಯಾದ ಪಡೆ ನಡೆಸಿದ ಮೊನಾಷ್ ಮೂಲತಃ ಸೇತುವೆ ಕಟ್ಟುತ್ತಿದ್ದ ಎಂಜಿನಿಯರ್. ಸಂಜೆಯೊಳಗೆ 13 ಕಿಲೋಮೀಟರ್‌ವರೆಗೂ ನುಗ್ಗಿದ್ದರು. ಜರ್ಮನರು ಸಾವಿರ ಸಾವಿರ ಲೆಕ್ಕದಲ್ಲಿ ಶರಣಾದರು. ನೆರವಿಗೆ ಬರುತ್ತಿದ್ದ ತಮ್ಮವರನ್ನೇ ನೋಡಿ "ಯುದ್ಧಾನ ಸುಮ್ನೆ ಎಳೀತಿದ್ದೀರಿ" ಅನ್ನುವ ಅರ್ಥದಲ್ಲಿ ಬೈದರಂತೆ. ಜರ್ಮನ್ ಸೇನೆಗೆ ಅದು ಕರಾಳ ದಿನ ಅಂತ ಅವರ ಸೇನಾಪತಿ ಲುಡೆನ್‌ಡಾರ್ಫ್ ಆಮೇಲೆ ಬರೆದ.

ಟ್ಯಾಂಕು ಗೆಲ್ಲಿಸಿತು ಅಂತ ತುಂಬ ಜನ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ನಾಲ್ಕು ದಿನ ಕಳೆಯುವಷ್ಟರಲ್ಲಿ ಓಡುವ ಸ್ಥಿತಿಯಲ್ಲಿದ್ದ ಟ್ಯಾಂಕುಗಳು ಬೆರಳಲ್ಲಿ ಎಣಿಸುವಷ್ಟು. ಮುಂಚಿನ ವರ್ಷಗಳಾಗಿದ್ದರೆ ಇಲ್ಲೇ ತಿಂಗಳುಗಟ್ಟಲೆ ತಲೆ ಚಚ್ಚಿಕೊಳ್ಳುತ್ತಿದ್ದರು. ಈ ಸಲ ಕೆನಡಾ ಪಡೆಯ ದಂಡನಾಯಕ ಕರ್ರಿ, ಇನ್ನು ಮುಂದೆ ನುಗ್ಗಿದರೆ ಜನ ಸುಮ್ಮನೆ ಸಾಯುತ್ತಾರೆ ಅಂತ ಫೋಟೋ ತೋರಿಸಿ ಹೇಳಿದ. ಹೇಗ್ ಕೇಳಿದ. ಇಲ್ಲಿ ನಿಲ್ಲಿಸಿ ಉತ್ತರಕ್ಕೆ ಹೊಡೆದರು, ಅಲ್ಲಿ ಬಿಗಿಯಾದರೆ ಇನ್ನೊಂದು ಕಡೆ. ಎದುರಾಳಿ ಮೀಸಲು ಪಡೆಯನ್ನು ಎಲ್ಲಿಗೆ ಕಳಿಸಬೇಕು ಅಂತ ಯೋಚಿಸುವುದರೊಳಗೆ ಮತ್ತೊಂದು ಏಟು. ಸೆಪ್ಟೆಂಬರ್ 29ಕ್ಕೆ ಜರ್ಮನರು ಭದ್ರವಾಗಿ ಕಟ್ಟಿಕೊಂಡಿದ್ದ ರಕ್ಷಣಾ ಸಾಲು, ಹಿಂಡನ್‌ಬರ್ಗ್ ಸಾಲೇ ಒಡೆಯಿತು. ಬ್ರಿಟಿಷರು ಹಡಗು ತಡೆದದ್ದರಿಂದ ಜರ್ಮನಿಯಲ್ಲಿ ಹಸಿವು, ಅಮೆರಿಕದಿಂದ ದಿನಕ್ಕೆ ಸುಮಾರು ಹತ್ತು ಸಾವಿರ ಜನ ಬಂದಿಳಿಯುತ್ತಿದ್ದದ್ದು, ಇವೂ ಕಾರಣಗಳೇ. ಆದರೆ ಬೇರೆಬೇರೆ ಕೈಗಳು ಒಂದೇ ಗಡಿಯಾರ ನೋಡಿ ಕೆಲಸ ಮಾಡಿದ್ದು ದೊಡ್ಡದು.

ನಮ್ಮವರೂ ಇದರಲ್ಲಿದ್ದಾರೆ. ಭಾರತದ ಕುದುರೆ ಪಡೆಗಳಲ್ಲಿ ಹೆಚ್ಚಿನವನ್ನು 1918ರ ಮೊದಲಲ್ಲೇ ಫ್ರಾನ್ಸಿನಿಂದ ಪ್ಯಾಲೆಸ್ತೀನ್ ಕಡೆಗೆ ಕಳಿಸಿದ್ದರು. ಮೈಸೂರು ಲ್ಯಾನ್ಸರ್ಸ್ ಆಗಲೇ ಆ ಕಡೆ ಇದ್ದರು. ಸೆಪ್ಟೆಂಬರ್ 23ರಂದು ಜೋಧ್‌ಪುರದವರ ಜೊತೆ ಸೇರಿ ಹೈಫಾ ಊರನ್ನು ಹಿಡಿದರು, ಮೆಷಿನ್ ಗನ್ನಿನ ಎದುರು ಕುದುರೆ ಓಡಿಸಿಕೊಂಡು ಹೋಗಿ. ಅದು ನಿಮ್ಮ ನೋಟ್ಸಿನಲ್ಲೂ ಇರಲಿಲ್ಲ.

ಊರಾಚೆಯ ದಿಬ್ಬದ ಮೇಲೆ ಆಸ್ಟ್ರೇಲಿಯಾದವರ ಸ್ಮಾರಕ. ಗೋಡೆಯ ತುಂಬ ಹೆಸರುಗಳು, ಹತ್ತು ಸಾವಿರಕ್ಕೂ ಹೆಚ್ಚು. ಎಲ್ಲಿ ಮಣ್ಣಾದರು ಅಂತಲೇ ಗೊತ್ತಿಲ್ಲದವರು ಇವರೆಲ್ಲ. ಮುಂದೆ ಬಿಳಿ ಕಲ್ಲುಗಳ ಸಾಲು. ಅಧಿಕಾರಿಗೂ ಸಿಪಾಯಿಗೂ ಒಂದೇ ಅಳತೆಯ ಕಲ್ಲು. ಕೆಲವದರ ಮೇಲೆ ಹೆಸರಿಲ್ಲ, 'ದೇವರಿಗೆ ಗೊತ್ತು' ಅಂತ ಮಾತ್ರ ಇದೆ. ಗೆದ್ದ ನೂರು ದಿನಗಳಲ್ಲೇ ಕೆನಡಾ ಒಂದರ ಕಡೆ ಸತ್ತವರು, ಗಾಯಗೊಂಡವರು ಸೇರಿ ಸುಮಾರು 45,000. ಹನ್ನೊಂದಕ್ಕೆ ನಾವು ಊರೊಳಗಿದ್ದೆವು. ಕೋಟಿಗೆ ನೀಲಿ ಹೂ ಸಿಕ್ಕಿಸಿಕೊಂಡ ಮುದುಕರೊಬ್ಬರು ಮೊಮ್ಮಗನ ಟೋಪಿಯನ್ನು ತಾವೇ ತೆಗೆದು ಕೈಯಲ್ಲಿ ಹಿಡಿದು ನಿಂತರು. ಯಾರೂ ಮಾತಾಡಲಿಲ್ಲ. ನನಗೆ ಅಳು ಬಂತು.

ವಾಪಸ್ ಬರುವಾಗ ಷೆಲ್ ಅಲ್ಲೇ ಇತ್ತು. ಯಾರೋ ಪಕ್ಕದಲ್ಲಿ ಒಂದು ಕೋಲು ನೆಟ್ಟು ಕೆಂಪು ಬಟ್ಟೆ ಕಟ್ಟಿದ್ದರು.

ಮುಂದಿನ ತಿಂಗಳು ಬೆಂಗಳೂರಿಗೆ ಅಕ್ಕನ ಮನೆಗೆ ಹೋಗುತ್ತೀರಲ್ಲ, ಆಗ ಜೆ.ಸಿ. ನಗರಕ್ಕೆ ಹೋಗಿ ಬನ್ನಿ. ಅಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಇದೆ. ಭಾವನಿಗೆ ಹೇಳಿದರೆ ಕರೆದುಕೊಂಡು ಹೋಗುತ್ತಾರೆ. ಕಲ್ಲಿನ ಮೇಲೆ ಏನೇನು ಬರೆದಿದೆಯೋ ಅಷ್ಟನ್ನೂ ನಿಮ್ಮ ದುಂಡಗಿನ ಅಕ್ಷರದಲ್ಲಿ ಬರೆದು ನನಗೆ ಕಳಿಸಿ. ಮಂಡಿ ನೋವಿಗೆ ಎಣ್ಣೆ ಹಚ್ಚುವುದು ಬಿಡಬೇಡಿ.

ನಿಮ್ಮ ಪ್ರೀತಿಯ
ಮಗಳು